ಹೊಸ್ತಿಲು ದಾಟಿಸುವ ಕೆಲಸ

ಅಣ್ಣನ ಮಗಳು ಮೇಘನಾ ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಹೊಸ ಯೂನಿಫಾರ್ಮು ಹಾಕಿಕೊಂಡು ನಮ್ಮ ಮನೆ ಬಾಗಿಲಲ್ಲಿ ನಿಂತಾಗ, ನನ್ನ ಮೂಗಿಗೆ ಮೊದಲು ಬಡಿದದ್ದು ಅವಳ ಹೆಗಲಿನ ಚೀಲದ ವಾಸನೆ. ಹೊಸ ರೆಕ್ಸಿನ್ನು, ಅದರೊಳಗಿಂದ ಸ್ಪಿರಿಟ್ಟು. ಹೊರಗೆ ಮಳೆ ಹನಿಯುತ್ತಿತ್ತು. ನಾನು ತೋರಣಕ್ಕೆ ಮಾವಿನೆಲೆ ತೊಳೆಯುತ್ತಿದ್ದೆ. ಒದ್ದೆ ಮಾವಿನೆಲೆ, ರೆಕ್ಸಿನ್ನು, ಸ್ಪಿರಿಟ್ಟು ಮೂರೂ ಒಟ್ಟಿಗೆ ಸೇರಿದ ವಾಸನೆಯನ್ನು ಜೀವಮಾನದಲ್ಲಿ ಹಿಂದೆ ಒಂದೇ ಸಲ ಮೂಸಿದ್ದೆ. ಕೈಯಲ್ಲಿದ್ದ ಎಲೆಯನ್ನು ಹಾಗೇ ಹಿಡಿದು ನಿಂತುಬಿಟ್ಟೆ.

"ಅತ್ತೆ, ಸೋಮವಾರದಿಂದ ಡ್ಯೂಟಿ. ಆಂಬುಲೆನ್ಸಲ್ಲೇ ಹಾಕಿದಾರೆ. ಏನಾದ್ರೂ ಅಡ್ವೈಸ್ ಕೊಡಿ" ಅಂದಳು.

"ಟ್ರೈನಿಂಗಲ್ಲಿ ಎಲ್ಲಾ ಹೇಳ್ಕೊಟ್ಟಿರ್ತಾರಲ್ಲ, ನಂದೇನಿದೆ?"

"ಟ್ರೈನಿಂಗಲ್ಲಿ ಹೇಳ್ಕೊಡದೆ ಇರೋದು ಹೇಳಿ."

ಹುಡುಗಿ ಚುರುಕು. ಪುಣ್ಯಕ್ಕೆ ನಮ್ಮಣ್ಣನನ್ನು ಹೋತಿಲ್ಲ. "ಸಂಜೆ ಶಂಕರಪುರದಲ್ಲಿ ಒಂದು ಮನೆಗೆ ಅರಿಶಿನ ಕುಂಕುಮಕ್ಕೆ ಹೋಗೋದಿದೆ. ನೀನೂ ಬಾ, ನಡ್ಕೊಂಡು ಹೋಗೋಣ, ದಾರೀಲಿ ಹೇಳ್ತೀನಿ" ಅಂದೆ. ಚಾಮರಾಜಪೇಟೆಯಿಂದ ಶಂಕರಪುರಕ್ಕೆ ನಡೆಯುತ್ತಾ ನಾನು ಅವಳಿಗೆ ಹೇಳಿದ್ದು ನನ್ನ ಮೊದಲ ಕೆಲಸದ ಆ ಒಂದು ಮಳೆಗಾಲದ ಕತೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೊಬೈಲು ದೊಡ್ಡ ವ್ಯಾಪಾರಸ್ಥರ ಕೈಯಲ್ಲಿ ಮಾತ್ರ ಇದ್ದ ಕಾಲ. ನಾನು ನರ್ಸಿಂಗ್ ಕೋರ್ಸು ಮುಗಿಸಿ, ಕಂಡ ಕಂಡ ಆಸ್ಪತ್ರೆಗೆಲ್ಲ ಅರ್ಜಿ ಹಾಕಿ, ಮನೆಯಲ್ಲಿ ಕೂತು ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದೆ. ಶಂಕರಪುರದಲ್ಲಿ ಒಂದು ಸಣ್ಣ ಧರ್ಮಾಸ್ಪತ್ರೆ ಇತ್ತು. ಯಾರೋ ದಾನಿಗಳು ಅದಕ್ಕೊಂದು ವ್ಯಾನು ಕೊಟ್ಟಿದ್ದರು. ಅದರೊಳಗೆ ಆಕ್ಸಿಜನ್ ಸಿಲಿಂಡರು ಕೂರಿಸಿ, ಸ್ಟ್ರೆಚರ್ ಹಾಕಿ, ಆಂಬುಲೆನ್ಸ್ ಮಾಡಿದ್ದರು. ಮನೆಯಿಂದಲೇ ಚಿಕಿತ್ಸೆ ಶುರುಮಾಡಿ ರೋಗಿಯನ್ನು ದೊಡ್ಡಾಸ್ಪತ್ರೆಗೆ ತಲುಪಿಸಲು ಒಬ್ಬ ನರ್ಸು ಬೇಕು ಎಂದರು. ವಾರ್ಡಿನಲ್ಲಿ ಕೆಲಸ ಸಿಕ್ಕವರು ಯಾರೂ ಒಪ್ಪದ ಕೆಲಸ. ನನಗೆ ವಾರ್ಡಿನಲ್ಲಿ ಸಿಕ್ಕಿರಲಿಲ್ಲ, ಒಪ್ಪಿಕೊಂಡೆ.

ಅಮ್ಮ ಮುಖ ಊದಿಸಿಕೊಂಡು ಓಡಾಡಿದಳು. ಕೊನೆಗೆ ಬಾಯಿಬಿಟ್ಟು, "ಹೆಣ ಸಾಗ್ಸೋ ಗಾಡೀಲಿ ಕೂತು ಊರು ಸುತ್ತೋಳ್ನ ಯಾರೇ ಮದುವೆ ಆಗ್ತಾರೆ?" ಅಂದಳು. ಅವಳದೇನೂ ತಪ್ಪಿಲ್ಲ. ಆ ಕಾಲಕ್ಕೆ ನಮ್ಮ ಕಡೆ ಬದುಕಿರುವವರು ಆಟೋದಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದರು, ಸತ್ತವರು ಆಂಬುಲೆನ್ಸಿನಲ್ಲಿ ಮನೆಗೆ ಬರುತ್ತಿದ್ದರು. ಮನೆ ಮುಂದೆ ಆಂಬುಲೆನ್ಸು ನಿಂತರೆ ಅಕ್ಕಪಕ್ಕದವರು ಒಲೆ ಆರಿಸಿ ಹೊರಗೆ ಬರುತ್ತಿದ್ದರು.

ನಮ್ಮ ಡ್ರೈವರು ಪುಟ್ಟಸ್ವಾಮಿ, ನನಗಿಂತ ಬಹಳ ದೊಡ್ಡವರು, ಕನಕಪುರದ ಕಡೆಯವರು. ಮೊದಲು ಲಾರಿ ಓಡಿಸುತ್ತಿದ್ದರು. ಆಳು ಬಾಗಿಲು ತುಂಬುವಷ್ಟು ದಪ್ಪ, ಆದರೆ ಹೆಣ ಅಂದರೆ ಕೈಕಾಲು ನಡುಗುತ್ತಿತ್ತು. ಗಾಡಿಯ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. ಆಸ್ಪತ್ರೆಯ ಕಾರ್ಯದರ್ಶಿ ಬಿಚ್ಚಿಸುತ್ತಿದ್ದರು, ಇವರು ಮತ್ತೆ ಕಟ್ಟುತ್ತಿದ್ದರು. "ನೋಡಿ ಸಿಸ್ಟರ್, ಜೀವ ಇದ್ರೆ ಎಲ್ಲಿಗ್ ಬೇಕಾದ್ರೂ ಹೊಡೀತೀನಿ. ಬಾಡಿ ಅಂದ್ರೆ ನನ್ನ ಕೇಳ್ಬೇಡಿ" ಎಂದು ಮೊದಲ ದಿನವೇ ಹೇಳಿದ್ದರು. ಪಾಪ, ಬರುತ್ತಿದ್ದ ಫೋನುಗಳಲ್ಲಿ ಹೆಚ್ಚಿನವು ಅದಕ್ಕೇ ಇರುತ್ತಿದ್ದವು.

ನನಗೆ ತರಬೇತಿ ಕೊಟ್ಟವರು ಅಲ್ಲಿನ ಡಾಕ್ಟರಮ್ಮ. ಮಾತು ಕಡಿಮೆ, ಕೋಪ ಜಾಸ್ತಿ. ಮೊದಲ ಪಾಠವೇ ಸ್ಟ್ರೆಚರ್ ಎತ್ತುವುದು. "ರೋಗಿ ಕಾಲು ಮುಂದೆ ಹೋಗ್ಬೇಕು, ತಲೆ ಹಿಂದೆ. ತಲೆ ಕಡೆ ಹಿಡಿಯೋಳು ನೀನು. ಮುಖ ನೋಡ್ತಾ ನಡಿ. ಉಸಿರು ಹೆಚ್ಚುಕಮ್ಮಿ ಆದ್ರೆ ಮೊದ್ಲು ನಿಂಗೆ ಗೊತ್ತಾಗ್ಬೇಕು. ಮೆಟ್ಟಿಲು ಇಳಿಯುವಾಗ್ಲೂ ಹಾಗೇ, ಇಲ್ಲಾಂದ್ರೆ ರೋಗಿ ತಲೆ ಕೆಳಗಾಗತ್ತೆ" ಎಂದರು. ಮಾತು ನೂರಕ್ಕೆ ನೂರು ಸರಿ. ಈಗಲೂ ಸರಿಯೇ. ನಾನು ಅದನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿಕೊಂಡೆ.

ಮೊದಲ ವಾರಗಳು ಹೇಗೋ ಕಳೆದವು. ನಗರ್ತಪೇಟೆಯಲ್ಲಿ ಅಟ್ಟದಿಂದ ಬಿದ್ದ ಒಬ್ಬನನ್ನು ತಂದೆವು. ಗಲ್ಲಿಯೊಳಗೆ ಗಾಡಿ ಹೋಗದು. ಬಟ್ಟೆಯ ಬೇಲು ಹೊತ್ತ ಹಮಾಲರ ನಡುವೆ, "ದಾರಿ ಬಿಡಿ, ದಾರಿ ಬಿಡಿ" ಎಂದು ಕಿರುಚುತ್ತಾ ಸ್ಟ್ರೆಚರ್ ಹೊತ್ತು ನಡೆದೆವು. ಅವರಲ್ಲಿ ಒಬ್ಬ ತನ್ನ ಹೊರೆ ಇಳಿಸಿ ನನ್ನ ಕೈಯಿಂದ ಹಿಡಿ ಕಿತ್ತುಕೊಂಡು, "ನೀನು ಗ್ಲೂಕೋಸ್ ಬಾಟ್ಲಿ ಹಿಡ್ಕೋ ತಾಯಿ" ಅಂದ. ಆ ದಿನ ರಾತ್ರಿ ಅಂಗೈ ಉರಿಗೆ ಊಟ ಮಾಡಲಾಗಲಿಲ್ಲ, ಆದರೆ ಮನಸ್ಸು ಮಾತ್ರ ಕುಣಿಯುತ್ತಿತ್ತು.

ಆಷಾಢ ಬಂತು. ಗಾಳಿ, ತುಂತುರು, ಹಗಲಲ್ಲೂ ಮಬ್ಬು. ಒಂದು ಮಧ್ಯಾಹ್ನ ಶಂಕರಪುರದ್ದೇ ಒಂದು ಅಡ್ಡರಸ್ತೆಯಿಂದ ಫೋನು ಬಂತು. ನಿವೃತ್ತ ಪೋಸ್ಟ್ ಮಾಸ್ಟರರೊಬ್ಬರಿಗೆ ಎದೆನೋವು. ಹೋದಾಗ ಅವರು ಕುರ್ಚಿಯಲ್ಲಿ ಒರಗಿದ್ದರು, ಅಂಗಿ ಬೆವರಿನಲ್ಲಿ ತೊಯ್ದಿತ್ತು. ಅವರ ಹೆಂಡತಿ ಶಾರದಮ್ಮ ಪಕ್ಕದಲ್ಲಿ ಲೋಟ ಹಿಡಿದು ನಿಂತಿದ್ದರು. ಆಕ್ಸಿಜನ್ ಹಾಕಿದೆ, ಮಾತ್ರೆ ಕೊಟ್ಟೆ, ಸ್ಟ್ರೆಚರಿಗೆ ಮಲಗಿಸಿದೆವು. ಪುಟ್ಟಸ್ವಾಮಿ ಕಾಲ ಕಡೆ, ನಾನು ತಲೆಯ ಕಡೆ. ಕಲಿತ ಹಾಗೆ ಕಾಲು ಮುಂದೆ ಮಾಡಿ ಹೊಸ್ತಿಲ ಹತ್ತಿರ ಬಂದೆವು.

ಎದುರುಮನೆಯ ಜಗಲಿಯಿಂದ ಒಬ್ಬ ಹಿರಿಯ ಹೆಂಗಸು ಕೂಗಿದರು. ಅವರು ಕಮಲಮ್ಮ, ಆ ಬೀದಿಯಲ್ಲಿ ಅವರ ಮಾತು ಅಂದರೆ ಮಾತು. "ತಿರುಗ್ಸಮ್ಮಾ. ಜೀವ ಇರೋರನ್ನ ಕಾಲು ಮುಂದೆ ಮಾಡಿ ಆಚೆ ತರಬಾರದು."

ನಮ್ಮಲ್ಲಿ ಹೊಸ್ತಿಲಿನಿಂದ ಕಾಲು ಮುಂದಾಗಿ ಹೋಗುವುದು ಹೆಣ ಮಾತ್ರ. ಇದು ನನಗೆ ಗೊತ್ತಿರಲಿಲ್ಲವೇ? ನಮ್ಮಜ್ಜನನ್ನು ಹಾಗೇ ಹೊರಗೆ ತಂದದ್ದನ್ನು ಕಣ್ಣಾರೆ ನೋಡಿದ್ದೆ. ಆದರೆ ಆ ಹೊತ್ತಿಗೆ ತಲೆಯಲ್ಲಿ ಇದ್ದದ್ದು ಡಾಕ್ಟರಮ್ಮನ ಪಾಠ ಒಂದೇ. "ಟೈಮಿಲ್ಲ ಅಮ್ಮಾ" ಎಂದು ದಾಟಿಸಿಬಿಟ್ಟೆ. ಹಿಂದೆ ಶಾರದಮ್ಮನ ಕೈಯಿಂದ ಲೋಟ ಬಿದ್ದ ಸದ್ದು ಕೇಳಿಸಿತು.

ದೊಡ್ಡಾಸ್ಪತ್ರೆಯ ಗೇಟು ಕಾಣುವ ಮೊದಲೇ ಅವರ ಉಸಿರು ನಿಂತಿತು. ಎದೆ ಒತ್ತಿದೆ, ಉಸಿರು ಕೊಟ್ಟೆ, ಒಳಗಿನ ಡಾಕ್ಟರುಗಳೂ ಒದ್ದಾಡಿದರು. ಹೋಗಿಬಿಟ್ಟರು. ಸಾಲದ್ದಕ್ಕೆ ಅಲ್ಲಿ ಶವ ಸಾಗಿಸುವ ಗಾಡಿ ಇರಲಿಲ್ಲ, ನಮ್ಮ ವ್ಯಾನಿನಲ್ಲೇ ವಾಪಸ್ಸು ತರಬೇಕಾಯಿತು. ಪುಟ್ಟಸ್ವಾಮಿ ತುಟಿ ಬಿಗಿಹಿಡಿದು ಓಡಿಸಿದರು, ಹಿಂದಕ್ಕೆ ಒಂದು ಸಲವೂ ತಿರುಗಲಿಲ್ಲ. ಮನೆ ಮುಂದೆ ಇಳಿದಾಗ ಶಾರದಮ್ಮ ಅಳಲಿಲ್ಲ. ನನ್ನ ಮುಖ ನೋಡಿ ಮೆಲ್ಲಗೆ, "ಬಾಗಿಲಲ್ಲೇ ಕಳಿಸ್ಕೊಟ್ಬಿಟ್ಯಲ್ಲಮ್ಮ" ಅಂದರು. ಕೆನ್ನೆಗೆ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಊರ ಬಾಯಿಗೆ ಮುಚ್ಚಳ ಉಂಟೇ. ವಾರ ಕಳೆಯುವುದರೊಳಗೆ ಗಾಂಧಿಬಜಾರಿನ ಹೂವಿನವರ ತನಕ ಮಾತು ಹಬ್ಬಿತು. ಆ ಹುಡುಗಿ ಬಂದರೆ ಕಾಲು ಮುಂದೆ ಮಾಡಿಯೇ ಒಯ್ಯುತ್ತಾಳೆ, ಆ ಗಾಡಿ ಹತ್ತಿದವರು ತಿರುಗಿ ಬರುವುದಿಲ್ಲ. ಫೋನು ನಿಂತುಹೋಯಿತು. ನಾವು ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಕೂತು ಸಿಲಿಂಡರು ಒರೆಸಿದ್ದನ್ನೇ ಒರೆಸುತ್ತಿದ್ದೆವು. ಕಾರ್ಯದರ್ಶಿ ಬಂದು, "ದೀಪಾವಳಿ ತನಕ ನೋಡ್ತೀವಿ ಕಣಮ್ಮ. ಜನ ಕರೀಲಿಲ್ಲಾಂದ್ರೆ ಗಾಡೀನ ಬಾಡಿ ಸಾಗ್ಸೋಕೆ ಬಿಡ್ತೀವಿ. ಅದಕ್ಕಾದ್ರೂ ಉಪಯೋಗ ಆಗ್ಲಿ" ಎಂದರು. ಪುಟ್ಟಸ್ವಾಮಿಯ ಮುಖ ಬಿಳಿಚಿಕೊಂಡಿತು.

ನನಗೆ ಸಿಟ್ಟು. ಎಲ್ಲರ ಮೇಲೂ ಸಿಟ್ಟು. ಪುಸ್ತಕದ ಪ್ರಕಾರ ಮಾಡಿದವಳು ನಾನು, ಬೈಸಿಕೊಳ್ಳುವವಳೂ ನಾನೇ. ಕೆಲಸ ಬಿಟ್ಟು ಹೋಗೋಣ ಎಂದು ಮನಸ್ಸು ಮಾಡಿದ್ದೆ ಕೂಡ. ಅಷ್ಟರಲ್ಲಿ ಒಂದು ಬೆಳಿಗ್ಗೆ ಆಟೋದಲ್ಲಿ ಒಬ್ಬ ಹೆಂಗಸನ್ನು ನಮ್ಮ ಆಸ್ಪತ್ರೆಗೆ ತಂದರು. ಇಬ್ಬರ ಮಧ್ಯೆ ಕೂರಿಸಿಕೊಂಡು ಬಂದಿದ್ದರು. ಕತ್ತು ಎದೆಯ ಮೇಲೆ ಮಡಚಿ ಬಿದ್ದಿತ್ತು, ಉಸಿರಿನ ದಾರಿ ಮುಚ್ಚಿ ಮುಖ ನೀಲಿಯಾಗಿತ್ತು. ಮಲಗಿಸಿ ಗದ್ದ ಎತ್ತಿದ ಮೇಲೆ ಉಸಿರು ಬಂತು. ಮನೆ ಎಲ್ಲಿ ಎಂದು ಕೇಳಿದೆ. ನಮ್ಮ ಶೆಡ್ಡಿನ ಹಿಂದಿನ ಬೀದಿ. "ಆಂಬುಲೆನ್ಸ್ ಕರೀಬಾರ್ದಿತ್ತಾ?" ಎಂದರೆ ಅವಳ ಗಂಡ ನೆಲ ನೋಡಿದ. ಜನ ನನ್ನನ್ನು ಬೈದರೆ ಬೈಯಲಿ. ನನಗೆ ಹೆದರಿ ಆಟೋದಲ್ಲಿ ಕತ್ತು ಮಡಚಿಕೊಂಡು ಸಾಯುವುದೆಂದರೆ? ಅವತ್ತು ನನ್ನ ಸಿಟ್ಟು ಬೇರೆ ದಿಕ್ಕಿಗೆ ತಿರುಗಿತು.

ಡಾಕ್ಟರಮ್ಮನ ಹತ್ತಿರ ಹೋಗಿ, ಹೊಸ್ತಿಲ ಹತ್ತಿರ ಮಾತ್ರ ಸ್ಟ್ರೆಚರ್ ತಿರುಗಿಸಿ ತಲೆ ಮುಂದೆ ಮಾಡಿ ದಾಟಿಸ್ತೀನಿ ಎಂದೆ. ಅವರು ಕನ್ನಡಕ ಕೆಳಗೆ ಸರಿಸಿದರು. "ಆಗ ಮುಖ ಯಾರು ನೋಡ್ತಾರೆ?"

"ನಾನೇ. ಹಿಂದಕ್ಕೆ ನಡೀತೀನಿ."

"ಮೆಟ್ಟಿಲಿದ್ರೆ? ತಲೆ ಕೆಳಗಾಗಲ್ವಾ?"

"ತಲೆ ಕಡೆ ಎತ್ತಿ ಹಿಡೀತೀನಿ."

"ಬಿದ್ರೆ?"

"ಬೀಳದ ಹಾಗೆ ಕಲೀತೀನಿ."

ಕಲಿತೆ. ಸಂಜೆ ಹೊತ್ತು ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಪುಟ್ಟಸ್ವಾಮಿ ಸ್ಟ್ರೆಚರ್ ಮೇಲೆ ರೋಗಿಯ ಹಾಗೆ ಮಲಗುವುದು, ಕಾವಲುಗಾರ ಕಾಲ ಕಡೆ ಹಿಡಿಯುವುದು, ನಾನು ತಲೆಯ ಕಡೆ ಹಿಡಿದು ಹಿಮ್ಮುಖವಾಗಿ ಮೆಟ್ಟಿಲು ಇಳಿಯುವುದು. ಅವರ ತೂಕಕ್ಕೆ ನನ್ನ ಭುಜ ಕಳಚಿ ಬರುತ್ತಿತ್ತು. "ಸಿಸ್ಟರ್, ನಂಗೆ ಮದುವೆ ವಯಸ್ಸಿನ ಮಗಳಿದಾಳೆ, ನೋಡ್ಕೊಂಡು" ಎಂದು ಮಲಗಿದಲ್ಲಿಂದಲೇ ಅನ್ನುತ್ತಿದ್ದರು. ಎರಡು ಸಲ ಕೆಡವಿದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೆ ಎದ್ದು ಕೂತು, "ನಾನೇ ಹಾರ್ಕೊಂಡೆ" ಎಂದು ಕಾವಲುಗಾರನಿಗೆ ಹೇಳಿದರು. ಆದರೆ ಕಲಿತದ್ದನ್ನು ತೋರಿಸುವುದಕ್ಕೆ ಯಾರಾದರೂ ಕರೆಯಬೇಕಲ್ಲ. ಯಾರೂ ಕರೆಯಲಿಲ್ಲ.

ಶ್ರಾವಣ ಹುಟ್ಟಿತು. ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಜಿಟಿಜಿಟಿ ಮಳೆ. ಪುಟ್ಟಸ್ವಾಮಿ ಗಾಡಿಗೆ ತೋರಣ ಕಟ್ಟಲು ಮಾವಿನೆಲೆ ತಂದಿದ್ದರು. ಆಗ ಫೋನು ಹೊಡೆದುಕೊಂಡಿತು. ಹೆಂಗಸಿನ ದನಿ. "ಎದುರುಮನೆ ಜಯಾ ಬಿದ್ದಿದಾಳೆ. ಎದೆ ಹಿಡ್ಕೊಂಡಿದಾಳೆ. ಬೇಗ ಬನ್ನಿ." ವಿಳಾಸ ಕೇಳಿ ಬರೆದುಕೊಂಡೆ. ಅದೇ ಅಡ್ಡರಸ್ತೆ. ಗಾಡಿ ತಿರುವಿನಲ್ಲಿ ಹೊಕ್ಕಾಗ ರಸ್ತೆಯ ಮಧ್ಯೆ ಕೊಡೆಯಿಲ್ಲದೆ ನಿಂತು ಕೈಬೀಸುತ್ತಿದ್ದವರು ಶಾರದಮ್ಮ. ಬೋಳು ಹಣೆ, ಮಾಸಲು ಸೀರೆ. ಅವರೇ ನಮ್ಮನ್ನು ಕರೆಸಿದ್ದರು. ನನ್ನನ್ನು ನೋಡಿ ಎದುರುಮನೆಯತ್ತ ಕೈ ತೋರಿಸಿದರು. ಕಮಲಮ್ಮನ ಮನೆ.

ಹಳೆಯ ಕಾಲದ ಉದ್ದನೆಯ ಮನೆ. ಮೂರು ಮೆಟ್ಟಿಲು, ಹೊಸ್ತಿಲು, ಹಜಾರ, ಅದರಿಂದಾಚೆ ಅಡಿಗೆಮನೆಗೆ ಹೋಗುವ ಇಕ್ಕಟ್ಟಾದ ಓಣಿ. ಕಮಲಮ್ಮನ ಸೊಸೆ ಜಯಾ ಆ ಓಣಿಯಲ್ಲೇ ಬಿದ್ದಿದ್ದಳು, ತಲೆ ಅಡಿಗೆಮನೆಯ ಕಡೆ, ಕಾಲು ಹಜಾರದ ಕಡೆ. ನಲವತ್ತು ದಾಟಿದ ಹೆಂಗಸು, ಸ್ಕೂಲು ಟೀಚರು. ರೇಷ್ಮೆ ಸೀರೆ ಉಟ್ಟು, ಉಪವಾಸವಿದ್ದು, ಪೂಜೆ ಮುಗಿಸಿ ನೈವೇದ್ಯದ ತಟ್ಟೆ ಒಳಗೆ ಒಯ್ಯುವಾಗ ಕುಸಿದಿದ್ದಳು. ಗಂಡ ಆಫೀಸಿಗೆ ಹೋಗಿಯಾಗಿತ್ತು. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ.

"ಉಪವಾಸ ಅಲ್ವಾ, ಗ್ಯಾಸ್ ಹಿಡ್ಕೊಂಡಿದೆ. ಜೀರಿಗೆ ನೀರು ಕೊಟ್ಟಿದೀನಿ, ಸರಿಹೋಗತ್ತೆ" ಎಂದರು ಕಮಲಮ್ಮ. ಆದರೆ ಅವರ ದನಿಯಲ್ಲಿ ಗಟ್ಟಿತನ ಇರಲಿಲ್ಲ.

ಜಯಾಳ ಕೈ ಮಂಜುಗಡ್ಡೆ. ಎಡಭುಜದಿಂದ ದವಡೆಯ ತನಕ ನೋವು ಎಂದು ತೋರಿಸಿದಳು. ನಾಡಿ ಸಿಕ್ಕಿ ಸಿಕ್ಕಿ ಜಾರುತ್ತಿತ್ತು. ಮಾತ್ರೆ ಅಗಿಯಲು ಕೊಟ್ಟು ಆಕ್ಸಿಜನ್ ಹಾಕಿದೆ. ಕುರ್ಚಿಯಲ್ಲಿ ಕೂರಿಸಿ ಹೊರಬಹುದೇ ಎಂದು ಎತ್ತಿ ನೋಡಿದೆವು, ಕಣ್ಣು ಮೇಲಕ್ಕೆ ತಿರುಗಿ ಕತ್ತು ವಾಲಿತು. ಮಲಗಿಸಿದರೆ ಮಾತ್ರ ಪ್ರಜ್ಞೆ. ಹಿತ್ತಲ ಬಾಗಿಲು ತೆರೆದರೆ ಪಕ್ಕದ ಮನೆಯ ಗೋಡೆ. ಓಣಿಯಲ್ಲಿ ಸ್ಟ್ರೆಚರ್ ಇಟ್ಟರೆ ಎರಡೂ ಪಕ್ಕ ಕೈ ತೂರಿಸುವಷ್ಟೂ ಜಾಗವಿಲ್ಲ, ತಿರುಗಿಸುವ ಮಾತೇ ಇಲ್ಲ. ಅವಳು ಬಿದ್ದಿದ್ದ ಹಾಗೇ ಮಲಗಿಸಿ, ಕಾಲು ಮುಂದೆ ಮಾಡಿ ಹಜಾರಕ್ಕೆ ತಂದೆವು. ಹಜಾರದಲ್ಲಿ ತಿರುಗಿಸೋಣ ಎಂಬುದು ನನ್ನ ಲೆಕ್ಕ.

ಹಜಾರದ ನಟ್ಟನಡುವೆ ಲಕ್ಷ್ಮಿ ಕೂತಿದ್ದಳು. ಮೇಜಿನ ಮೇಲೆ ಮಂಟಪ, ನಾಲ್ಕು ಕಡೆ ಬಾಳೆಕಂದು, ಕಲಶಕ್ಕೆ ಬೆಳ್ಳಿಯ ಮುಖ, ಹೊಸ ಸೀರೆ, ಮುಂದೆ ದೊಡ್ಡ ರಂಗೋಲಿ. ಓಣಿಯಿಂದ ಬಾಗಿಲಿಗೆ ನೆಟ್ಟಗೆ ಹೋಗಲು ಒಂದಾಳಿನ ದಾರಿ ಉಳಿದಿತ್ತು, ಅಷ್ಟೇ. ಎಲ್ಲಿ ಹೊರಳಿದರೂ ಮಂಟಪ ಅಡ್ಡ.

ಪುಟ್ಟಸ್ವಾಮಿ ನನ್ನ ಮುಖ ನೋಡಿದರು. ನಾನು ಬಾಗಿಲು ನೋಡಿದೆ. ಬಾಗಿಲಲ್ಲಿ ಕಮಲಮ್ಮ ಎರಡೂ ಕೈ ಚಾಚಿ ಚೌಕಟ್ಟು ಹಿಡಿದು ನಿಂತಿದ್ದರು.

"ತಿರುಗ್ಸು" ಅಂದರು.

"ಜಾಗ ಇಲ್ಲಮ್ಮ. ಮಂಟಪ ಸರಿಸಿದ್ರೆ ತಿರುಗಿಸ್ತೀನಿ."

"ಅಮ್ಮನವರನ್ನ ಕದಲಿಸೋ ಹಾಗಿಲ್ಲ. ನಾಳೆ ಪೂಜೆ ಮಾಡಿ ಬೀಳ್ಕೊಡೋ ತನಕ ಕದಲಿಸೋ ಹಾಗಿಲ್ಲ. ಅದು ನಿಂಗೂ ಗೊತ್ತು."

"ಹಾಗಾದ್ರೆ ಹೀಗೇ ಬಿಡಿ. ತಡ ಮಾಡೋ ಹಾಗಿಲ್ಲ."

"ಹೀಗೆ ಬಿಡಲ್ಲ. ಎದುರುಮನೇಲಿ ಕಣ್ಣಾರೆ ನೋಡಿದೀನಿ. ನನ್ನ ಸೊಸೇನ ಹೆಣದ ಥರ ಕಳಿಸಲ್ಲ."

ಸ್ಟ್ರೆಚರಿನ ಹಿಡಿ ಬಿಡದೆ ಬಗ್ಗಿ ನೋಡಿದೆ. ಆಕ್ಸಿಜನ್ ಮಾಸ್ಕಿನೊಳಗೆ ಜಯಾಳ ತುಟಿ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಅವಳಿಗೆ ಎಲ್ಲ ಕೇಳಿಸುತ್ತಿತ್ತು. ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಮುದುಕಿಯನ್ನು ಪಕ್ಕಕ್ಕೆ ತಳ್ಳಿ ದಾಟಿಸಿಬಿಡಲೇ ಎಂದು ಅನ್ನಿಸಿತು. ಪುಟ್ಟಸ್ವಾಮಿ ಹೆಗಲು ಕೊಟ್ಟರೆ ಒಂದು ಕ್ಷಣದ ಕೆಲಸ. ಕತೆ ಇಲ್ಲಿಗೆ ಬಂದಾಗ ದಾರಿಯಲ್ಲೇ ನಿಂತು ಮೇಘನಾಳಿಗೆ ಹೇಳಿದೆ: ತಳ್ಳಿದ್ದರೆ ಆ ದಿನ ಒಬ್ಬಳನ್ನು ಗಾಡಿ ಹತ್ತಿಸಬಹುದಿತ್ತು, ಆದರೆ ಆ ಬೀದಿಯಲ್ಲಿ ಮತ್ತೆ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ. ಹೊಸ್ತಿಲಲ್ಲಿ ಅಡ್ಡ ನಿಂತವರು ವೈರಿಗಳಲ್ಲ. ಭಯಬಿದ್ದವರು. ಇಷ್ಟು ತಿಳಿವಳಿಕೆ ಆಗ ನನಗಿತ್ತು ಎಂದು ಹೇಳಿದರೆ ಸುಳ್ಳು. ತಳ್ಳಲು ನನ್ನ ಕೈ ಖಾಲಿ ಇರಲಿಲ್ಲ, ಅಷ್ಟೇ.

ಆಗ ಕಮಲಮ್ಮನ ಬೆನ್ನ ಹಿಂದೆ, ಮೆಟ್ಟಿಲ ಕೆಳಗೆ, ಶಾರದಮ್ಮನ ದನಿ ಕೇಳಿಸಿತು. ಗಂಡ ಹೋದ ಹೊಸದು, ಹಬ್ಬದ ದಿನ ಅವರು ಯಾರ ಮನೆಯ ಮೆಟ್ಟಿಲನ್ನೂ ಹತ್ತುವ ಹಾಗಿರಲಿಲ್ಲ. ಮಳೆಯಲ್ಲೇ ನಿಂತಿದ್ದರು.

"ಕಮಲಮ್ಮ, ನಮ್ಮನೆಯವರು ಕಾಲು ಮುಂದೆ ಹೋಗಿದ್ದಕ್ಕೆ ಸಾಯ್ಲಿಲ್ಲ."

ಕಮಲಮ್ಮ ತಿರುಗಲಿಲ್ಲ.

"ಅವತ್ತು ಬೆಳಿಗ್ಗೆ ಎದ್ದಾಗ್ಲೇ ಎದೆ ನೋವು ಅಂದ್ರು. ನಾನು ಗ್ಯಾಸು ಅಂದೆ. ಜೀರಿಗೆ ಕಷಾಯ ಕೊಟ್ಟೆ. ಊಟದ ಹೊತ್ತಿಗೂ ಅಂದ್ರು, ಮತ್ತೆ ಕಷಾಯ ಕೊಟ್ಟೆ. ಈ ಹುಡುಗಿ ಬರೋ ಹೊತ್ತಿಗೆ ಅವ್ರಿಗೆ ಆಗೋದು ಆಗಿಹೋಗಿತ್ತು. ನನ್ನ ಮೇಲೆ ಹೊತ್ಕೊಳಕ್ಕೆ ಆಗ್ಲಿಲ್ಲ, ಇವಳ ಮೇಲೆ ಹಾಕ್ದೆ." ದನಿ ಒಡೆಯಿತು. "ನೀವು ಜೀರಿಗೆ ನೀರು ಕೊಡ್ತಾ ಇರೋದು ಕಿಟಕಿಯಿಂದ ನೋಡ್ದೆ. ಅದಕ್ಕೇ ಫೋನ್ ಮಾಡ್ದೆ."

ಕಮಲಮ್ಮ ಚೌಕಟ್ಟಿನಿಂದ ಕೈ ತೆಗೆದರು. ಬಾಗಿಲು ಬಿಟ್ಟು ಕೊಡುತ್ತಾರೆ ಅಂದುಕೊಂಡೆ. ಅವರು ನೆಟ್ಟಗೆ ಮಂಟಪದ ಹತ್ತಿರ ಹೋದರು. ಕೈಮುಗಿದರು. ಎರಡೂ ಕೈಯಿಂದ ಕಲಶದ ಬುಡ ಹಿಡಿದು, ಬಸ್ಸಿನಲ್ಲಿ ಪಕ್ಕದವರಿಗೆ ಹೇಳುವ ಹಾಗೆ ಹೇಳಿದರು. "ನಿನ್ನ ಪೂಜೆ ಮಾಡಿದೋಳೇ ತಾಯಿ. ಸ್ವಲ್ಪ ಸರ್ಕೊ."

ಕಲಶ ಎತ್ತಿ ಗೋಡೆಯ ಪಕ್ಕ ನೆಲದ ಮೇಲೆ ಇಟ್ಟರು. ಆಮೇಲೆ ಆ ವಯಸ್ಸಿನಲ್ಲಿ, ಒಬ್ಬರೇ, ಮೇಜನ್ನು ಎಳೆದರು. ಒಂದು ಬಾಳೆಕಂದು ಮುರಿದು ಬಿತ್ತು, ಅಕ್ಕಿ ಚೆಲ್ಲಿತು, ತೋರಣ ಹರಿದು ಸ್ಟ್ರೆಚರ್ ಮೇಲೆ ಜೋತುಬಿತ್ತು. ನಾವು ರಂಗೋಲಿಯ ಮೇಲೇ ನಿಂತು ಸ್ಟ್ರೆಚರ್ ತಿರುಗಿಸಿದೆವು. ಅಂಗಳದಲ್ಲಿ ಅಷ್ಟು ದಿನ ಕಲಿತದ್ದು ಕೈಗೆ ಬಂತು. ನಾನು ಬಾಗಿಲಿಗೆ ಬೆನ್ನು ಮಾಡಿ, ಜಯಾಳ ಮುಖ ನೋಡುತ್ತಾ, ಹಿಂದಕ್ಕೆ ನಡೆದೆ.

ಹೊಸ್ತಿಲು ದಾಟಿತು. ಮೆಟ್ಟಿಲು ಮಳೆಗೆ ಜಾರುತ್ತಿತ್ತು. ಕಾಲು ತಡಕಿದೆ, ಸಿಗಲಿಲ್ಲ. ಆಗ ನನ್ನ ಬೆನ್ನಿಗೆ ಒಂದು ಕೈ ಒತ್ತಿ ಹಿಡಿಯಿತು. ಶಾರದಮ್ಮ ಮೆಟ್ಟಿಲು ಹತ್ತಿ ಬಂದಿದ್ದರು. "ಒಂದು ಇಳಿ. ನಾನಿದೀನಿ. ಇನ್ನೊಂದು. ಎತ್ತಿ ಹಿಡ್ಕೊ, ತಲೆ ಎತ್ತಿ ಹಿಡ್ಕೊ. ಈಗ ನೆಲ" ಎಂದು ಕಿವಿಯ ಹತ್ತಿರ ಹೇಳುತ್ತಾ ಇಳಿಸಿದರು. ನನಗೆ ಅಳು ಬಂತು. ಅಳಲು ಪುರುಸೊತ್ತಿರಲಿಲ್ಲ.

ಪುಟ್ಟಸ್ವಾಮಿ ಅವತ್ತು ಓಡಿಸಿದ ಹಾಗೆ ಮತ್ತೆ ಯಾವತ್ತೂ ಓಡಿಸಲಿಲ್ಲ. ಹಬ್ಬದ ದಿನ, ರಸ್ತೆಯ ತುಂಬ ಹೂವಿನ ಬುಟ್ಟಿ, ಬಾಳೆಕಂದಿನ ಗಾಡಿ, ಸೈರನ್ ಕೇಳಿದರೂ ಸರಿಯದ ಜನ. ಕಮಲಮ್ಮ ಮೂಲೆಯ ಸೀಟಿನಲ್ಲಿ ಕೂತು ಸೊಸೆಯ ಪಾದ ಹಿಡಿದುಕೊಂಡಿದ್ದರು. ಅರ್ಧ ದಾರಿಯಲ್ಲಿ ನನ್ನ ಬೆರಳ ಕೆಳಗೆ ನಾಡಿ ಕಾಣೆಯಾಯಿತು. ಎದೆ ಒತ್ತಲು ಶುರುಮಾಡಿದೆ. ಸ್ಟ್ರೆಚರಿಗೆ ಸಿಕ್ಕಿಕೊಂಡಿದ್ದ ಮಾವಿನೆಲೆಗಳು ನನ್ನ ಅಂಗೈ ಕೆಳಗೆ ಜಜ್ಜಿಹೋದವು. ಸ್ಟ್ರೆಚರಿನ ಒದ್ದೆ ರೆಕ್ಸಿನ್ನು, ಗಾಡಿಯ ಓಟಕ್ಕೆ ಒಡೆದ ಸ್ಪಿರಿಟ್ ಬಾಟಲಿ, ಹಸಿ ಮಾವಿನೆಲೆ. ವ್ಯಾನು ತುಂಬ ಅದೇ ವಾಸನೆ. ಒತ್ತುತ್ತಲೇ ಇದ್ದೆ. ಆಸ್ಪತ್ರೆಯ ಬಾಗಿಲಲ್ಲಿ ಅವರು ನನ್ನ ಕೈಯಿಂದ ಅವಳನ್ನು ತೆಗೆದುಕೊಂಡು ಓಡಿದರು. ನಾನು ಖಾಲಿ ಸ್ಟ್ರೆಚರ್ ಹಿಡಿದು ನಿಂತಿದ್ದೆ. ಕಮಲಮ್ಮ ಪಕ್ಕದಲ್ಲಿ ಬಂದು ನಿಂತು, "ಅಮ್ಮನವರನ್ನ ನೆಲದ ಮೇಲೆ ಇಟ್ಟು ಬಂದಿದೀನಿ" ಎಂದರು.

"ಆಮೇಲೆ?" ಎಂದು ಮೇಘನಾ ನಿಂತೇಬಿಟ್ಟಳು. "ಅತ್ತೆ, ಬದುಕಿದ್ರಾ ಅವ್ರು?"

ಅಷ್ಟರಲ್ಲಿ ಮನೆ ಬಂದಿತ್ತು. ಮೂರು ಮೆಟ್ಟಿಲು, ಹೊಸ್ತಿಲು. ಬಾಗಿಲು ತೆರೆದವರು ನೆರೆತ ಕೂದಲಿಗೆ ಮಲ್ಲಿಗೆ ಮುಡಿದ, ರೇಷ್ಮೆ ಸೀರೆಯ ಹೆಂಗಸು. "ಎಷ್ಟ್ ಹೊತ್ತೇ ಬರೋದು? ಬೆಳಿಗ್ಗೆಯಿಂದ ಕಾಯ್ತಿದೀನಿ" ಎಂದು ನನಗೆ ಬೈದು, ಮೇಘನಾಳ ಗಲ್ಲ ಸವರಿ, ತಾಂಬೂಲ ತರಲು ಒಳಗೆ ಹೋದರು. "ಜಯಾ ಟೀಚರು" ಎಂದು ಮೇಘನಾಳ ಕಿವಿಯಲ್ಲಿ ಹೇಳಿದೆ. ಹುಡುಗಿಯ ಕಣ್ಣು ತುಂಬಿತು.

ಕಮಲಮ್ಮ ಹೋಗಿ ಎಷ್ಟೋ ವರ್ಷವಾಯಿತು. ಶಾರದಮ್ಮನೂ ಈಗ ಇಲ್ಲ. ನಮ್ಮ ಗಾಡಿಯನ್ನು ಆ ದೀಪಾವಳಿಗೆ ಯಾರೂ ಕಿತ್ತುಕೊಳ್ಳಲಿಲ್ಲ. ಫೋನು ಮಾಡಿದವರೆಲ್ಲ, "ತಲೆ ಮುಂದೆ ಮಾಡಿ ಕರ್ಕೊಂಡು ಹೋಗ್ತೀರಲ್ಲ, ಅದೇ ಗಾಡಿ ತಾನೆ?" ಎಂದು ಕೇಳಿಯೇ ವಿಳಾಸ ಹೇಳುತ್ತಿದ್ದರು. ಪುಟ್ಟಸ್ವಾಮಿ ಕೊನೆಯ ತನಕ ನಿಂಬೆಹಣ್ಣು ಕಟ್ಟುವುದನ್ನು ಬಿಡಲಿಲ್ಲ.

ಹಜಾರದಲ್ಲಿ ಲಕ್ಷ್ಮಿ ಕೂತಿದ್ದಳು. ನಟ್ಟನಡುವೆ ಅಲ್ಲ, ಎಡಗಡೆ ಗೋಡೆಗೆ ಒತ್ತಿ. ಓಣಿಯಿಂದ ಬಾಗಿಲ ತನಕ, ಸ್ಟ್ರೆಚರ್ ತಿರುಗುವಷ್ಟು ಜಾಗವನ್ನು ಆ ಹಬ್ಬದಿಂದ ಈ ಹಬ್ಬದವರೆಗೂ ಹಾಗೇ ಖಾಲಿ ಬಿಟ್ಟಿದ್ದರು.